ತುಂಗಾ ಬಂಡಿ ಆರಿಸಿದ್ದು

ನನಗೊಂದು ಚಾಳಿಯಿದೆ. ರಸ್ತೆ ಬದಿಯಲ್ಲಿ ಲಾರಿಯೋ ಟೆಂಪೊವೋ ಪಿಕಪ್ಪೋ ನಿಂತಿದ್ದರೆ ಸುಮ್ಮನೆ ದಾಟಿ ಹೋಗಲಾರೆ. ಬಗ್ಗಿ ಅದರ ಹೊಟ್ಟೆಯ ಕೆಳಗೆ ಒಮ್ಮೆ ನೋಡಲೇಬೇಕು. ಹಿಂದಿನ ಚಕ್ರದ ಮೇಲೆ ಸ್ಪ್ರಿಂಗಿನ ಪಟ್ಟಿಗಳು ಎಷ್ಟಿವೆ, ಒಂದರ ಮೇಲೊಂದು ಸರಿಯಾಗಿ ಕೂತಿವೆಯೆ, ಹೊತ್ತ ಭಾರಕ್ಕೆ ಬೆನ್ನು ಬಾಗಿದೆಯೆ ಎಂದು ಲೆಕ್ಕ ಹಾಕಿದ ಮೇಲೆಯೇ ನನ್ನ ಕಾಲು ಮುಂದೆ ಹೋಗುವುದು. ಹೋದ ತಿಂಗಳು ವಿಜಯವಾಡದ ಬೆಂಜ್ ಸರ್ಕಲ್ಲಿನ ಮಿಠಾಯಿ ಅಂಗಡಿಯ ಮುಂದೆ ಒಂದು ಹಾಲಿನ ವ್ಯಾನಿನ ಕೆಳಗೆ ಹೀಗೇ ಇಣುಕುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, "ಏಮಂಡೀ, ಏಮೈನಾ ಪಡಿಪೋಯಿಂದಾ?" ಎಂದು ಕೇಳಿದರು. ಏನಾದರೂ ಬಿದ್ದುಹೋಯಿತೇ ಎಂದು. ಪಾಪ, ಅವರೂ ಬಗ್ಗಿ ನನ್ನ ಜೊತೆ ಹುಡುಕತೊಡಗಿದರು. ಏನೂ ಬಿದ್ದಿಲ್ಲ ಎನ್ನಲು ನಾಚಿಕೆಯಾಗಿ, ಪೆನ್ನು ಎಂದುಬಿಟ್ಟೆ. ಅವರು ಐದು ನಿಮಿಷ ಹುಡುಕಿದರು. ಪೆನ್ನು ನನ್ನ ಜೇಬಿನಲ್ಲೇ ಇತ್ತು.

ಅಂಗಡಿಯಿಂದ ಹೊರಬಂದ ನನ್ನ ಹೆಂಡತಿ ಗಿರಿಜಾ ಇದನ್ನೆಲ್ಲ ನೋಡಿದಳು. "ಬೇರೆಯವರ ಗಂಡಂದಿರು ಅಂಗಡಿ ಮುಂದೆ ನಿಂತು ಏನೇನೋ ನೋಡ್ತಾರೆ. ನೀವು ಆಕ್ಸಲ್ ನೋಡ್ತೀರಿ. ಅದೊಂದು ಸಮಾಧಾನ ಕಣ್ರೀ ನಂಗೆ" ಎಂದಳು.

ಈ ಚಾಳಿ ನನಗೆ ಬಂದದ್ದು ನಮ್ಮಪ್ಪನಿಂದ. ಹರಿಹರದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಅಪ್ಪ ಹಮಾಲರ ಮೇಸ್ತ್ರಿ. ಹಾಲಪ್ಪ ಮೇಸ್ತ್ರಿ ಎಂದರೆ ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತು. ಅವರ ಅಂಗಿಯಿಂದ ಗೋಣಿಚೀಲ ಮತ್ತು ಬೆಲ್ಲ ಕಲೆತ ಒಂದು ವಾಸನೆ ಬರುತ್ತಿತ್ತು. ಈಗಲೂ ಯಾವುದಾದರೂ ಮಂಡಿಯ ಮುಂದೆ ಆ ವಾಸನೆ ಬಂದರೆ ಅಪ್ಪ ಹಿಂದೆ ಬಂದು ನಿಂತ ಹಾಗಾಗುತ್ತದೆ. ವ್ಯಾಗನ್ನಿನ ಬಾಗಿಲು ತೆರೆದು ಒಂದು ಸಲ ಒಳಗೆ ನೋಡಿ, "ಎಂಟು ಮಂದಿ. ಮಧ್ಯಾಹ್ನದ ರೊಟ್ಟಿ ಹೊತ್ತಿಗೆ ಖಾಲಿ" ಎನ್ನುತ್ತಿದ್ದರು. ಹಾಗೇ ಆಗುತ್ತಿತ್ತು. ಭಾನುವಾರ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಎತ್ತಿ ನಮ್ಮ ತೂಕ ಹೇಳುತ್ತಿದ್ದರು. ಶಾಲೆಗೆ ಒಮ್ಮೆ ಡಾಕ್ಟರು ತೂಕದ ಯಂತ್ರ ತಂದಾಗ ಅದು ಅಪ್ಪ ಹೇಳಿದ್ದಕ್ಕಿಂತ ಒಂದೂವರೆ ಕೇಜಿ ಹೆಚ್ಚು ತೋರಿಸಿತು. ಯಂತ್ರ ಕೆಟ್ಟಿದೆ ಸಾರ್ ಎಂದೆ. ಹೆಡ್ಮಾಸ್ತರರು ಕಿವಿ ಹಿಂಡಿದರು. ಕಿವಿ ಹಿಂಡಿಸಿಕೊಂಡೂ ನನಗೆ ಅನುಮಾನ ಬರಲಿಲ್ಲ.

ಅಪ್ಪನಿಗೆ ಇದ್ದದ್ದು ಒಂದೇ ಆಸೆ, ಮಗನ ಬೆನ್ನ ಮೇಲೆ ಮೂಟೆ ಬರಬಾರದು. ನಾನು ಡಿಪ್ಲೊಮಾ ಮಾಡಿ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಗೆ ಸೇರಿದೆ. ಹಾಕಿದ್ದು ಎಲ್ಲಿಗೆ ಅಂತೀರಿ? ರಿಗ್ಗಿಂಗ್ ವಿಭಾಗಕ್ಕೆ. ಭಾರಿ ಯಂತ್ರಗಳನ್ನು ಎತ್ತುವುದು, ಎಳೆಯುವುದು, ತಂದು ಹೇಳಿದ ಜಾಗದಲ್ಲಿ ಇಡುವುದು, ಇಷ್ಟೇ ಆ ವಿಭಾಗದ ಕೆಲಸ. ಅಪ್ಪ ಒಮ್ಮೆ ನೋಡಲು ಬಂದಿದ್ದರು. ನಲವತ್ತು ಟನ್ನಿನ ಒಂದು ಯಂತ್ರ ಕ್ರೇನಿನ ಕೊಕ್ಕೆಗೆ ತೂಗುತ್ತಿದ್ದುದನ್ನು ಬೇಲಿಯ ಆಚೆಯಿಂದ ಬಹಳ ಹೊತ್ತು ನೋಡಿದರು. ಆಮೇಲೆ, "ಎಷ್ಟು ಮಂದಿ?" ಎಂದರು.

"ಆರು ಮಂದಿ, ಅಪ್ಪಾ."

ಊರಿಗೆ ಹೋಗಿ ಅವರು ಸಾಯುವತನಕ ಅದನ್ನೇ ಹೇಳಿಕೊಂಡು ತಿರುಗಿದರಂತೆ. "ನನ್ನ ಮಗ ಆರೇ ಮಂದೀಲಿ ನಲವತ್ತು ಟನ್ ಎತ್ತುತಾನೆ."

ಹೀಗೆ ಭಾರ ಎನ್ನುವುದು ನಮ್ಮ ಮನೆತನದ ಕಸುಬು. ನನ್ನ ಕಾಲಕ್ಕೆ ಅದು ಮುಗಿಯಲಿ, ಮಗಳು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಫೈಲು ನೋಡಲಿ ಎಂದುಕೊಂಡಿದ್ದೆ. ಮಗಳು ಹುಟ್ಟಿದ್ದು ವಿಶಾಖಪಟ್ಟಣದಲ್ಲಿ. ಹರಿಹರದವರು ನಾವು, ನದಿಯ ಹೆಸರಿಡೋಣ ಎಂದು ತುಂಗಾ ಎಂದು ಹೆಸರಿಟ್ಟೆವು. ತೆಲುಗಿನಲ್ಲಿ ತುಂಗ ಎಂದರೆ ಕೆರೆಯಂಚಿನಲ್ಲಿ ಬೆಳೆಯುವ ಒಂದು ಜಾತಿಯ ಹುಲ್ಲು ಎಂದು ಗೊತ್ತಾದದ್ದು ಅವಳು ಶಾಲೆಗೆ ಸೇರಿದ ಮೇಲೆ. "ಎಲ್ಲಾರೂ ಹುಲ್ಲು ಹುಲ್ಲು ಅಂತಾರೆ" ಎಂದು ಮೊದಲ ದಿನವೇ ಅಳುತ್ತ ಬಂದಳು. ಎರಡನೆಯ ದಿನ ಅಳಲಿಲ್ಲ. ಹುಲ್ಲು ಎಂದವನನ್ನು ಮರಳಿನ ಗುಂಡಿಗೆ ತಳ್ಳಿದ್ದಾಳೆಂದು ಟೀಚರು ನನ್ನನ್ನು ಕರೆಸಿದರು. ಹುಡುಗ ಅವಳಿಗಿಂತ ಐದಾರು ಕೇಜಿ ಹೆಚ್ಚೇ ಇದ್ದ. ಹೇಗೆ ತಳ್ಳಿದೆ ಎಂದು ಕೇಳಿದೆ. "ಅವನು ಒಂದೇ ಕಾಲ ಮೇಲೆ ನಿಂತಾಗ ತಳ್ಳಿದೆ" ಎಂದಳು. ಆ ಹೊತ್ತಿನಲ್ಲೇ ನನಗೆ ತಿಳಿಯಬೇಕಿತ್ತು.

ತುಂಗಾ ಮೆಕ್ಯಾನಿಕಲ್ ಓದಿದಳು. ನಮ್ಮ ಕಾರ್ಖಾನೆಯ ಪರೀಕ್ಷೆಗೆ ಅರ್ಜಿ ತಂದು ಕೊಟ್ಟೆ. ಅವಳು ಅದನ್ನು ತುಂಬಲೇ ಇಲ್ಲ. ಮೀನುಗಾರಿಕೆ ಬಂದರಿನ ಹತ್ತಿರ ಫೈಬರ್ ದೋಣಿ ಮಾಡುವ ಒಬ್ಬ ಮುದುಕ ಮೇಸ್ತ್ರಿಯ ಬಳಿ ಹೋಗಿ ಕೆಲಸ ಕಲಿಯತೊಡಗಿದಳು. ಮೂರು ವರ್ಷ ಅಂಟು, ಗಾಜಿನ ನಾರು, ಮರಳುಕಾಗದ. ಮನೆಗೆ ಬಂದರೆ ಕೈ ತುಂಬ ಕೆರೆತ, ತಲೆ ತುಂಬ ಬಿಳಿಯ ಪುಡಿ. ಮೇಸ್ತ್ರಿ ಕಣ್ಣು ಕಾಣದೆ ಕೆಲಸ ಬಿಟ್ಟಾಗ ಶೆಡ್ಡನ್ನು ಅವಳೇ ವಹಿಸಿಕೊಂಡಳು. ಈಗ ಅವಳಿಗೆ ಇಪ್ಪತ್ತೊಂಬತ್ತು. ಕೈಕೆಳಗೆ ಐದು ಜನ ಕೆಲಸ ಮಾಡುತ್ತಾರೆ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಆ ವರ್ಷಗಳಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದರೆ ನಾನು "ಮರೀನ್ ಲೈನ್" ಎನ್ನುತ್ತಿದ್ದೆ. ಕೇಳಿದವರು ಹಡಗಿನ ಆಫೀಸರು ಎಂದುಕೊಂಡರೆ ತಿದ್ದುತ್ತಿರಲಿಲ್ಲ.

ಗಿರಿಜಾ ಬ್ಯಾಂಕಿನವಳು. ಅವಳಿಗೆ ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗವಾದಾಗ ನಾನು ಆಗಷ್ಟೇ ನಿವೃತ್ತನಾಗಿದ್ದೆ. ಭವಾನಿಪುರಂನಲ್ಲಿ ನದಿಗೆ ಹತ್ತಿರದ ಮನೆಯೊಂದು ಸಿಕ್ಕಿತು. ಸಂಜೆ ಅವಳು ಬ್ಯಾಂಕಿನಿಂದ ಬಂದ ಮೇಲೆ ಪುನುಗುಲು ಎನ್ನುವ ಇಲ್ಲಿನ ಪುಟ್ಟ ಬೋಂಡಾ ಕಟ್ಟಿಸಿಕೊಂಡು ಕೃಷ್ಣೆಯ ದಂಡೆಗೆ ಹೋಗುತ್ತೇವೆ. ಹರಿಹರದಲ್ಲಿ ನಾವು ಈಜು ಕಲಿತ ಹೊಳೆಯ ನೀರು ಎಲ್ಲೆಲ್ಲೋ ಸುತ್ತಿ ಬಂದು ಈ ಕೃಷ್ಣೆಯೊಳಗೇ ಸೇರಿದೆ ಎನ್ನುವುದು ಗಿರಿಜಾಳಿಗೆ ದೊಡ್ಡ ಸಂಗತಿ. "ನೀರಿಗೂ ಟ್ರಾನ್ಸ್‌ಫರ್ ಆಗುತ್ತೆ ನೋಡ್ರಿ" ಎನ್ನುತ್ತಾಳೆ.

ಅಂಥದೇ ಒಂದು ಸಂಜೆ ತುಂಗಾಳ ಫೋನು ಬಂತು.

"ಅಪ್ಪಾ, ನಾನೊಂದು ಬಂಡಿ ತಗೋಬೇಕು. ಗಟ್ಟಿ ಪಿಕಪ್. ಹಿಂದೆ ದೋಣಿ ಕಟ್ಟಿಕೊಂಡು ಎಳೀಬೇಕು, ಮೇಲೆ ಇಂಜಿನ್ನು, ಸಾಮಾನು ಹೇರಬೇಕು. ನೀವು ಸ್ವಲ್ಪ ನೋಡ್ತೀರಾ?"

ಅವಳಿಗೆ ಬಂಡಿ ಏಕೆ ಬೇಕಾಯಿತೆಂದರೆ, ವಿಜಯವಾಡದ ಮೇಲ್ಗಡೆ ನದಿಯಲ್ಲಿ ಮೀನು ಹಿಡಿಯುವವರ ಸಂಘವೊಂದು ಅವಳಿಗೆ ಐದು ದೋಣಿ ಮಾಡಿಕೊಡಲು ಹೇಳಿತ್ತು. ಮೊದಲ ದೋಣಿಯನ್ನು ಬಾಡಿಗೆ ಲಾರಿಯಲ್ಲಿ ಕಳಿಸಿದಳು. ಲಾರಿಯವನು ಹಗ್ಗವನ್ನು ಎಲ್ಲಿ ಬಿಗಿಯಬಾರದೋ ಅಲ್ಲೇ ಬಿಗಿದ. ಮುನ್ನೂರೈವತ್ತು ಕಿಲೋಮೀಟರು ಕುಲುಕಾಡಿ ಇಲ್ಲಿ ಇಳಿಯುವಾಗ ದೋಣಿಯ ತಳದಲ್ಲಿ ಉದ್ದಕ್ಕೆ ಬಿರುಕು. ಸಂಘದ ಹಿರಿಯ ನಾಗೇಶ್ವರರಾವ್ ಬಿರುಕಿನ ಮೇಲೆ ಬೆರಳಾಡಿಸಿ, ವಾಪಸ್ಸು ತೆಗೆದುಕೊಂಡು ಹೋಗಮ್ಮಾ ಎಂದುಬಿಟ್ಟರು. ತುಂಗಾ ಅವರ ಮುಂದೆ ನಿಂತು ಇನ್ನೊಂದು ಅವಕಾಶ ಕೊಡಿ ಎಂದು ಕೇಳಿದಳು. ಕೊಟ್ಟರು. ಆದರೆ ಸ್ಪಷ್ಟವಾಗಿ ಹೇಳಿದರು, ಮುಂದಿನ ದೋಣಿಯೂ ಹೀಗೆ ಬಂದರೆ ಉಳಿದ ನಾಲ್ಕನ್ನು ಕಾಕಿನಾಡದವರ ಹತ್ತಿರ ಮಾಡಿಸುತ್ತೇವೆ ಎಂದು. ಆ ನಾಲ್ಕು ದೋಣಿ ಕೈತಪ್ಪಿದರೆ ಅವಳ ಶೆಡ್ಡಿನ ಐದು ಜನಕ್ಕೆ ಆ ವರ್ಷ ಕೆಲಸವಿರಲಿಲ್ಲ.

ನನಗೆ ಇವೆಲ್ಲ ಕಿವಿಗೆ ಬಿದ್ದರೂ ತಲೆಗೆ ಹೋದದ್ದು ಒಂದೇ ಮಾತು: "ನೀವು ಸ್ವಲ್ಪ ನೋಡ್ತೀರಾ." ಮೂವತ್ತನಾಲ್ಕು ವರ್ಷ ಭಾರ ಎಳೆದವನನ್ನು ನಿವೃತ್ತಿಯಾದ ಮೇಲೆ ಮೊದಲ ಸಲ ಒಬ್ಬರು ಅಭಿಪ್ರಾಯ ಕೇಳಿದ್ದರು! ಮರುದಿನವೇ ಹೊಸ ನೋಟ್‌ಬುಕ್ ಕೊಂಡೆ. ಒಂದು ವಾರ ಆಟೋನಗರದ ಗ್ಯಾರೇಜುಗಳನ್ನೂ ಬೆಂಜ್ ಸರ್ಕಲ್ಲಿನ ಶೋರೂಮುಗಳನ್ನೂ ಸುತ್ತಿದೆ. ಯಾರು ಕೇಳಲಿ ಬಿಡಲಿ, "ನಮ್ಮ ಮಗಳಿಗೆ ಬಂಡಿ ಆರಿಸ್ತಾ ಇದೀನಿ" ಎಂದು ಹೇಳಿದೆ. ಕೊನೆಗೆ ಒಂದು ಶೋರೂಮಿನಲ್ಲಿ ಒಂದು ಕಪ್ಪು ಪಿಕಪ್ ನನ್ನ ಮನಸ್ಸನ್ನು ಕದ್ದಿತು. ಎದೆಯೆತ್ತರ ಬಾನೆಟ್ಟು, ಆನೆಯಂಥ ಇಂಜಿನ್ನು, ಒಳಗೆ ಕೂತರೆ ಜಿಲ್ಲಾಧಿಕಾರಿ ಆದಂಥ ಭಾವ. ಎರಡು ಟನ್ನು ಕಟ್ಟಿದರೂ ಗೊತ್ತೇ ಆಗುವುದಿಲ್ಲ ಸಾರ್ ಎಂದ ಸೇಲ್ಸಿನ ಸಾಯಿಕಿರಣ್. ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದೆ.

ತುಂಗಾ ಶುಕ್ರವಾರದ ರೈಲಿಗೆ ಬಂದಳು. ಶನಿವಾರ ಬೆಳಿಗ್ಗೆ ಶೋರೂಮಿಗೆ ಹೋದೆವು. ಸಾಯಿಕಿರಣ್ ನನಗೆ ಕುರ್ಚಿ ಹಾಕಿ, ಕಾಫಿ ತರಿಸಿ, ಇಂಜಿನ್ನಿನ ವಿವರವನ್ನೆಲ್ಲ ನನಗೇ ಹೇಳಿದ. ತುಂಗಾಳ ಕಡೆ ತಿರುಗಿ, "ಮೇಡಂ, ಕಲರ್ಸ್ ನೋಡ್ತೀರಾ?" ಎಂದು ತೆಲುಗಿನಲ್ಲಿ ಕೇಳಿದ.

ತುಂಗಾ ಆ ದಿನದ ಪೇಪರನ್ನು ಮೇಜಿನಿಂದ ತೆಗೆದುಕೊಂಡಳು. ಥಳಥಳಿಸುವ ಟೈಲ್ಸಿನ ಮೇಲೆ ಹಾಸಿದಳು. ಅಂಗಾತ ಮಲಗಿ ನನ್ನ ಕಪ್ಪು ಪಿಕಪ್ಪಿನ ಕೆಳಕ್ಕೆ ಸರಿದುಹೋದಳು. ಹೊರಗೆ ಕಾಣುತ್ತಿದ್ದುದು ಎರಡು ಚಪ್ಪಲಿ ಮಾತ್ರ. ಸೀರೆ ಉಟ್ಟ ಇಬ್ಬರು ಹೆಂಗಸರು ಕಾರು ನೋಡುವುದನ್ನು ಬಿಟ್ಟು ಆ ಚಪ್ಪಲಿಗಳನ್ನು ನೋಡುತ್ತ ನಿಂತರು. ಕೆಳಗಿನಿಂದ ದನಿ ಬಂತು: "ಬ್ರೇಕ್ ಯಾವುದು? ಹಿಂದೆ ಡ್ರಮ್ಮಾ? ಕಟ್ಟಿದ ಭಾರ ಸೇರಿಸಿ ಒಟ್ಟು ಎಷ್ಟಕ್ಕೆ ಕಂಪನಿಯವರು ಸೈ ಅಂದಿದ್ದಾರೆ? ಬರೆದು ಕೊಟ್ಟಿದ್ದಾರಾ?"

ಸಾಯಿಕಿರಣ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಗಳು ಇರಲಿಲ್ಲ.

ಆಮೇಲೆ ಅವಳು ಮೂಲೆಯಲ್ಲಿದ್ದ ಇನ್ನೊಂದು ಪಿಕಪ್ಪಿನ ಕೆಳಗೂ ಹೋದಳು. ಅದು ಬೂದಿ ಬಣ್ಣದ್ದು. ಸೊಗಸು ಎನ್ನುವ ಮಾತೇ ಇಲ್ಲ. ತಗಡಿನ ಡಬ್ಬಕ್ಕೆ ಚಕ್ರ ಜೋಡಿಸಿದ ಹಾಗೆ. ಸೀಟು ನಮ್ಮೂರ ಬಸ್ಸಿನ ಸೀಟು. ಅದರ ಕೆಳಗೆ ಅವಳು ಹೆಚ್ಚು ಹೊತ್ತು ಇದ್ದಳು. ಎದ್ದು ಬಂದು ಕೈ ಒರೆಸಿಕೊಳ್ಳುತ್ತ, "ಇದು" ಎಂದಳು.

"ಇದಾ? ಆ ಕರೀದರ ಅರ್ಧ ಶಕ್ತೀನೂ ಇಲ್ಲಲ್ಲೇ ಇದಕ್ಕೆ" ಎಂದೆ.

"ಶಕ್ತಿ ಸಾಕು ಅಪ್ಪಾ. ನಾನೇನು ರೇಸಿಗೆ ಹೋಗ್ತೀನಾ?"

"ಎಳೆಯೋದು ಅಂದರೆ ಏನು ಅಂತ ನನಗೆ ಹೇಳಿಕೊಡ್ತೀಯಾ? ಮೂವತ್ತನಾಲ್ಕು ವರ್ಷ…"

"ನಾನ್ನಾ!" ಎಂದಳು. ಅವಳಿಗೆ ಸಿಟ್ಟು ಬಂದರೆ ನಾನು ಅಪ್ಪನಿಂದ ತೆಲುಗಿನ ನಾನ್ನನಾಗಿಬಿಡುತ್ತೇನೆ. "ಎಳೆಯೋದು ಯಾವ ಬಂಡಿಯಾದರೂ ಎಳೆಯುತ್ತೆ. ಹಿಂದಿನ ಭಾರ ತಳ್ಳೋಕೆ ಶುರು ಮಾಡಿದಾಗ ಯಾವುದು ನಿಲ್ಲುತ್ತೆ, ಅದನ್ನ ಹೇಳಿ. ನಿಮ್ಮ ಕ್ಯಾಂಟೀನ್ ಗೋಡೆ ಕಥೆ ಮರೆತುಹೋಯ್ತಾ?"

ನಾನು ನೋಟ್‌ಬುಕ್ ಮುಚ್ಚಿದೆ.

ಆ ಕಥೆ ನಮ್ಮ ಮನೆಯಲ್ಲಿ ಬಹಳ ಹಳೆಯದು. ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ದೊಡ್ಡದೊಂದು ಗೇರ್‌ಬಾಕ್ಸನ್ನು ಟ್ರಾಲಿಯ ಮೇಲಿಟ್ಟು ಟ್ರ್ಯಾಕ್ಟರಿಗೆ ಕಟ್ಟಿ ಸ್ಟೋರಿನಿಂದ ತರುತ್ತಿದ್ದೆವು. ಏರು ಸಲೀಸಾಗಿ ಹತ್ತಿತು. ಆಚೆಗಿನ ಇಳಿಜಾರಿನಲ್ಲಿ ಟ್ರಾಲಿ ಟ್ರ್ಯಾಕ್ಟರನ್ನೇ ತಳ್ಳತೊಡಗಿತು. ಡ್ರೈವರು ಸುಬ್ರಮಣ್ಯಂ ಬ್ರೇಕಿನ ಮೇಲೆ ಎದ್ದು ನಿಂತರೂ ನಿಲ್ಲಲಿಲ್ಲ. ಎಲ್ಲ ಕೂಡಿ ಹೋಗಿ ಕ್ಯಾಂಟೀನಿನ ಗೋಡೆಗೆ ಗುದ್ದಿದವು. ಒಳಗಿಂದ ಅಡುಗೆಯ ಪೈಡಯ್ಯ ಉಪ್ಪಿಟ್ಟಿನ ಸೌಟು ಹಿಡಿದೇ ಓಡಿ ಬಂದು, "ಇನ್ನೂ ಟಿಫಿನ್ ಆಗಿಲ್ಲ, ಹತ್ತು ನಿಮಿಷ ತಡೀರಿ!" ಎಂದು ಕೂಗಿದ. ಯಾರಿಗೂ ಏನೂ ಆಗಲಿಲ್ಲ. ಇದನ್ನು ನಾನು ಪೈಡಯ್ಯನ ಹಾಗೆ ಸೌಟು ಹಿಡಿದು ಅಭಿನಯಿಸುತ್ತಿದ್ದೆ. ಬಂದ ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತುಂಗಾ ಏಳೆಂಟು ವರ್ಷದವಳಿದ್ದಾಗ ಒಮ್ಮೆ ಎಲ್ಲರೂ ನಕ್ಕು ಮುಗಿಸಿದ ಮೇಲೆ, "ಟ್ರಾಲಿಗೆ ಬ್ರೇಕ್ ಯಾಕಿರಲಿಲ್ಲ ಅಪ್ಪಾ?" ಎಂದು ಕೇಳಿದ್ದಳು. ಮಲಗು ಹೋಗು ಎಂದಿದ್ದೆ.

ಶೋರೂಮಿನಲ್ಲಿ ನಮ್ಮಿಬ್ಬರ ದನಿ ಏರಿದ್ದು ಕೇಳಿ ಮ್ಯಾನೇಜರು ಹೊರಗೆ ಬಂದರು. ತುಂಗಾ ಅವರಿಗೆ ನೇರವಾಗಿ ಹೇಳಿದಳು: "ಸಾರ್, ಎರಡು ಬಂಡಿಯನ್ನೂ ದೋಣಿ ಕಟ್ಟಿ ನೋಡಬೇಕು. ನೋಡದೆ ತಗೊಳ್ಳಲ್ಲ." ಮ್ಯಾನೇಜರು ಮೊದಲು ನಕ್ಕರು. ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ಯಾರೂ ಇಲ್ಲವಂತೆ. ಅವಳು ನಗಲಿಲ್ಲ. ಕೊನೆಗೆ ಕುತೂಹಲಕ್ಕೇ ಇರಬೇಕು, ಒಪ್ಪಿದರು. ಭಾನುವಾರ ಬೆಳಿಗ್ಗೆ ಟೆಸ್ಟ್ ಡ್ರೈವಿನ ಎರಡು ಬಂಡಿಗಳನ್ನು ತಾವೇ ಮುಂದೆ ನಿಂತು ಭವಾನಿಪುರಂಗೆ ತಂದರು.

ನದಿಗೆ ದೋಣಿ ಇಳಿಸುವ ಸಿಮೆಂಟಿನ ಇಳಿಜಾರೊಂದು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದೆ. ಬಿರುಕು ಬಿಟ್ಟ ಹಳೆಯ ದೋಣಿ ಇನ್ನೂ ಅಲ್ಲೇ ಪಕ್ಕದಲ್ಲಿ ಸಂಘದವರ ಟ್ರೇಲರೊಂದರ ಮೇಲಿತ್ತು. ತುಂಗಾ ಅದಕ್ಕೆ ಮರಳಿನ ಚೀಲ ತುಂಬಿಸಿದಳು. ಇಳಿಜಾರಿನ ಬುಡದಲ್ಲಿ, ಅಕಸ್ಮಾತ್ ಜಾರಿದರೆ ತಡೆಯಲೆಂದು, ಮರಳಿನ ದಿಬ್ಬವನ್ನೇ ಹಾಕಿಸಿದಳು. ಆಮೇಲೆ ಟ್ರೇಲರಿನ ಬ್ರೇಕಿನ ತಂತಿಯನ್ನು ಕಳಚಿದಳು.

"ಅದ್ಯಾಕೇ ಕಳಚ್ತೀ?" ಎಂದೆ.

"ಟ್ರೇಲರ್ ಬ್ರೇಕ್ ಕೈಕೊಟ್ಟ ದಿನ ಬಂಡಿ ಏನು ಮಾಡುತ್ತೆ ಅಂತ ಗೊತ್ತಾಗಬೇಕು. ಗೊತ್ತಾಗೋದು ಇವತ್ತು ಇಲ್ಲಿ ಆಗಲಿ."

ಮೊದಲು ನನ್ನ ಕಪ್ಪು ಸುಂದರಿ. ತುಂಗಾ ಸ್ಟೇರಿಂಗ್ ಹಿಡಿದಳು, ಪಕ್ಕದಲ್ಲಿ ನಾನು. ಬುಡದಿಂದ ಮೇಲಕ್ಕೆ ಎಳೆದಾಗ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹತ್ತಿತು. ನೋಡಿದೆಯಾ ಎಂಬಂತೆ ಮುಖವನ್ನು ಅವಳ ಕಡೆ ತಿರುಗಿಸಿದೆ. ಮೇಲೆ ಸುತ್ತು ಹಾಕಿ, ಟ್ರೇಲರು ಹಿಂದಿರುವಂತೆಯೇ ಮೂತಿ ಮುಂದಾಗಿ ಇಳಿಯತೊಡಗಿದೆವು. ಮೆತ್ತನೆಯ ಹಿಂದಿನ ಸ್ಪ್ರಿಂಗು ಭಾರಕ್ಕೆ ಆಗಲೇ ಕುಸಿದಿತ್ತು. ಬಾನೆಟ್ಟು ಆಕಾಶ ನೋಡುತ್ತಿತ್ತು. ಅರ್ಧ ಇಳಿಜಾರಿನಲ್ಲಿ ಹಿಂದಿನಿಂದ ಯಾರೋ ಭುಜ ಕೊಟ್ಟು ತಳ್ಳಿದಂತಾಯಿತು. ತುಂಗಾ ಬ್ರೇಕ್ ಒತ್ತಿದಳು. ಬಂಡಿ ನಿಲ್ಲದೆ ಓರೆಯಾಗಿ ಜಾರಿತು. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳಿಗೆ ನೆಲದ ಮೇಲೆ ಹಿಡಿತವೇ ಇಲ್ಲ. ನಾನು ನನ್ನ ಕಡೆ ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ತುಳಿಯುತ್ತಿದ್ದೆ. ಕಿವಿಯಲ್ಲಿ ಸುಬ್ರಮಣ್ಯಂ ಕೂಗುತ್ತಿದ್ದ. ಮೂತಿ ಮರಳಿನ ದಿಬ್ಬಕ್ಕೆ ಮೆತ್ತಗೆ ಹೊಕ್ಕು ಬಂಡಿ ನಿಂತಿತು.

ತುಂಗಾ ನನ್ನ ಕಡೆ ನೋಡಲಿಲ್ಲ. ಗೆದ್ದೆ ಎನ್ನುವ ಒಂದು ನಗೆಯೂ ಇಲ್ಲ. ಇಳಿದು ಹೋಗಿ ಟೈರಿನ ಗುರುತನ್ನು ಹೆಜ್ಜೆಯಲ್ಲಿ ಅಳೆದಳು.

ಆಮೇಲೆ ಬೂದಿ ಬಣ್ಣದ್ದು. ಏರುವಾಗ ಅದು ಏದುಸಿರು ಬಿಟ್ಟಿತು, ಹಟ ಹಿಡಿದು ಹತ್ತಿತು. ಇಳಿಯುವಾಗ ತುಂಗಾ ಮೊದಲ ಗೇರಿಗೆ ಹಾಕಿದಳು. ಗಟ್ಟಿ ಪಟ್ಟಿಯ ಸ್ಪ್ರಿಂಗು, ಬಂಡಿ ಮಟ್ಟವಾಗಿ ಕೂತಿತ್ತು. ಇಂಜಿನ್ನೇ ಭಾರವನ್ನು ಹಿಡಿದುಕೊಂಡು ಒಂದೊಂದೇ ಅಡಿ ಇಳಿಸುತ್ತಿತ್ತು. ನಡುವೆ ಬ್ರೇಕ್ ಒತ್ತಿದಳು. ನಿಂತಿತು. ಬಿಟ್ಟಳು. ಮತ್ತೆ ಒತ್ತಿದಳು. ಮತ್ತೆ ನಿಂತಿತು. ಮರಳಿನ ದಿಬ್ಬ ಇನ್ನೂ ಇಪ್ಪತ್ತಡಿ ದೂರದಲ್ಲಿತ್ತು.

"ಅದಕ್ಕೇ ಬಿಲ್ ಬರೀರಿ" ಎಂದು ಮ್ಯಾನೇಜರಿಗೆ ನಾನೇ ಹೇಳಿದೆ. ಅವರು ತಲೆಯಾಡಿಸಿ, ನಿಮ್ಮ ಮಗಳನ್ನು ನಮ್ಮ ಸೇಲ್ಸಿನವರಿಗೆ ಪಾಠ ಹೇಳಲು ಕಳಿಸುತ್ತೀರಾ ಎಂದರು. ಸಾಯಿಕಿರಣ್ ಆ ಹೊತ್ತಿಗೆ ಅವಳ ಪಕ್ಕ ಕೂತು, ಮೂತಿ ಏಕೆ ಎದ್ದಿತು ಮೇಡಂ ಎಂದು ಕಾಗದದ ಮೇಲೆ ಬರೆಸಿಕೊಳ್ಳುತ್ತಿದ್ದ.

ಎಲ್ಲರೂ ಹೋದ ಮೇಲೆ ನಾನೂ ತುಂಗಾಳೂ ನದಿಯ ಘಟ್ಟದ ಮೆಟ್ಟಿಲ ಮೇಲೆ ಕೂತೆವು. ಅವಳ ಮೊಣಕೈಗೆ ಗ್ರೀಸು ಮೆತ್ತಿತ್ತು. ನಾನು ಒಂದು ಮಾತು ಹೇಳಬೇಕಿತ್ತು. ಇಪ್ಪತ್ತು ವರ್ಷದ ಹಿಂದೆ ಒಂದು ಮಗುವಿಗೆ ಮಲಗು ಹೋಗು ಎಂದು ನುಂಗಿದ ಮಾತು ಅದು.

"ತುಂಗಾ, ಆ ದಿನ ಆ ಟ್ರ್ಯಾಕ್ಟರ್ ಆರಿಸಿದ್ದು ನಾನೇ. ಟ್ರಾಲಿಗೆ ಬ್ರೇಕ್ ಬೇಕು ಅಂತ ಸುಬ್ರಮಣ್ಯಂ ಹೇಳಿದ್ದ. ಏರು ಹತ್ತಿದರೆ ಸಾಕು ನಡೀ ಅಂದೆ."

"ಗೊತ್ತಪ್ಪಾ."

"ಹೇಗೆ? ಅಮ್ಮನಿಗೂ ಹೇಳಿಲ್ಲ ನಾನು."

"ನಿಮ್ಮ ಕಥೆಯಲ್ಲಿ ಡ್ರೈವರ್ ಹೆಸರಿತ್ತು, ಅಡುಗೆಯವನ ಹೆಸರಿತ್ತು, ತಿಂಡಿ ಹೆಸರೂ ಇತ್ತು. ಟ್ರ್ಯಾಕ್ಟರ್ ಆರಿಸಿದವರ ಹೆಸರು ಮಾತ್ರ ಇರಲಿಲ್ಲ."

ಅವಳು ಮೊಣಕೈಯ ಗ್ರೀಸು ಒರೆಸಿಕೊಳ್ಳುತ್ತ, "ಆ ಕಥೆ ಇಲ್ಲದಿದ್ದರೆ ನಾನೂ ಕರೀದನ್ನೇ ತಗೊಳ್ತಿದ್ದೆ. ಚೆನ್ನಾಗಿತ್ತು ಕದಾ, ನೋಡೋಕೆ?" ಎಂದಳು.

"ಬಹಳ ಚೆನ್ನಾಗಿತ್ತು" ಎಂದೆ. ಇಬ್ಬರೂ ನಕ್ಕೆವು.

ಬಂಡಿ ಬಂತು. ಗಿರಿಜಾ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅರಿಶಿನ ಕುಂಕುಮ ಹಚ್ಚಿ, "ರೂಪ ಇಲ್ಲದಿದ್ರೂ ಗುಣ ಇದೆ" ಎಂದಳು. ಹಾಗೆನ್ನುವಾಗ ಅವಳು ನೋಡಿದ್ದು ಬಂಡಿಯನ್ನೋ ನನ್ನನ್ನೋ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ತುಂಗಾ ಅದನ್ನು ವಿಶಾಖಪಟ್ಟಣಕ್ಕೆ ಒಯ್ದಳು. ದೋಣಿ ಎಳೆಯುವ ಮೊದಲ ಸವಾರಿಗೆ ನಾನೂ ಬರುತ್ತೇನೆ ಎಂದೆ. ತುಂಗಾ ಬೇಡ ಎನ್ನಲಿಲ್ಲ. ಹಿಂದಿನ ದಿನವೇ ವಿಶಾಖಪಟ್ಟಣಕ್ಕೆ ಹೋದೆ. ಹೊಸ ದೋಣಿ ಶೆಡ್ಡಿನಲ್ಲಿ ಟ್ರೇಲರಿನ ಮೇಲೆ ಸಿದ್ಧವಾಗಿ ಕೂತಿತ್ತು. ನೀಲಿ ಬಣ್ಣ, ಇಪ್ಪತ್ತೆರಡು ಅಡಿ. ಕಟ್ಟುವ ಕೆಲಸ ನನಗೆ ಬಿಡು ಎಂದೆ. ಹಗ್ಗ ಎಲ್ಲಿ ಬಿಗಿಯಬೇಕು, ಎಲ್ಲಿ ಉಸಿರಾಡಲು ಬಿಡಬೇಕು, ಎಲ್ಲಿ ಗೋಣಿ ಕೊಡಬೇಕು, ಇದು ನನ್ನ ವಿದ್ಯೆ. ಅವಳು ಒಂದೊಂದು ಗಂಟನ್ನೂ ಎಳೆದು ನೋಡಿದಳು. ಒಂದನ್ನೂ ಬಿಚ್ಚಲಿಲ್ಲ. ಬಹುಮಾನ ಎಂದರೆ ಅದೇ.

ಬೆಳಗಿನ ಆರಕ್ಕೆ ಹೊರಟೆವು. ಅನಕಾಪಲ್ಲಿ ದಾಟುವಾಗ ಬೆಲ್ಲದ ವಾಸನೆ ಬಂತು. ನನಗೆ ಯಾರು ನೆನಪಾದರೆಂದು ನೀವೇ ಬಲ್ಲಿರಿ. ತುಂಗಾ ಗಂಟೆಗೆ ಐವತ್ತರ ಮೇಲೆ ಹೋಗಲಿಲ್ಲ. ಪ್ರತಿ ಐವತ್ತು ಕಿಲೋಮೀಟರಿಗೆ ನಿಲ್ಲಿಸಿ ಇಳಿದು, ಚಕ್ರದ ನಡುವಿನ ಗುಂಬದ ಮೇಲೆ ಕೈಯಿಟ್ಟು ಬಿಸಿ ನೋಡುತ್ತಿದ್ದಳು, ತಾಯಿ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಹಿಂದಿನ ಕಾರಿನವರು ಹಾರನ್ ಹೊಡೆದು ಹೊಡೆದು ಮುಂದೆ ಹೋಗಿ, ಕಿಟಕಿಯಿಂದ ನೋಡಿ, ಸ್ಟೇರಿಂಗಿನಲ್ಲಿ ಹೆಣ್ಣುಮಗಳನ್ನು ಕಂಡು ಕಣ್ಣರಳಿಸುತ್ತಿದ್ದರು. ಗೋದಾವರಿ ಸೇತುವೆಯ ಮೇಲೆ ಗಾಳಿ ದೋಣಿಯನ್ನು ಪಕ್ಕಕ್ಕೆ ಎಳೆದು ನೋಡಿತು. ಬಂಡಿ ಜಗ್ಗಲಿಲ್ಲ.

ಏಲೂರು ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಮುಂದೆ ಹೋಗುತ್ತಿದ್ದ ಬಸ್ಸು, ಯಾರೋ ಕೈ ತೋರಿಸಿದರೆಂದು, ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ನನ್ನ ಕಾಲುಗಳು ಮತ್ತೆ ಇಲ್ಲದ ಬ್ರೇಕನ್ನು ಹುಡುಕಿದವು. ತುಂಗಾ ಗೇರ್ ಇಳಿಸಿದಳು, ಬ್ರೇಕನ್ನು ಒಂದೇ ಸಲಕ್ಕೆ ಒತ್ತದೆ ಅಳೆದು ಅಳೆದು ಕೊಟ್ಟಳು. ಹಿಂದಿನ ಟ್ರೇಲರು ಒಮ್ಮೆ ಕೊಕ್ಕೆಯನ್ನು ತಳ್ಳಿ, ಸರಿ ಎಂದು ಸುಮ್ಮನಾಯಿತು. ಬಸ್ಸಿನ ಹಿಂಭಾಗಕ್ಕೂ ನಮಗೂ ನಡುವೆ ಒಂದು ಎಮ್ಮೆ ಅಡ್ಡ ದಾಟುವಷ್ಟು ಜಾಗ ಉಳಿದಿತ್ತು. ಬಸ್ಸಿನ ಕೊನೆಯ ಸೀಟಿನಲ್ಲಿದ್ದ ಮುದುಕಿ ಗಾಜಿನೊಳಗಿಂದ ತುಂಗಾಳಿಗೆ ಕೈಮುಗಿದಳು. ತುಂಗಾ ತಿರುಗಿ ಕೈಮುಗಿದು, "ಅಪ್ಪಾ, ನೀರಿನ ಬಾಟಲಿ ಕೊಡಿ" ಎಂದಳು. ಅವಳ ಕೈ ಸ್ಥಿರವಾಗಿತ್ತು. ನಾನು ಅರ್ಧ ಬಾಟಲಿ ನಾನೇ ಕುಡಿದು ಉಳಿದದ್ದನ್ನು ಕೊಟ್ಟೆ.

ನಾಲ್ಕು ಗಂಟೆಯ ಹೊತ್ತಿಗೆ ಭವಾನಿಪುರಂನ ಘಟ್ಟ ತಲುಪಿದೆವು. ನಾಗೇಶ್ವರರಾವ್ ಆಗಲೇ ಬಂದು ಕಾಯುತ್ತಿದ್ದರು, ಜೊತೆಗೆ ಸಂಘದ ಏಳೆಂಟು ಜನ. ತುಂಗಾ ಟ್ರೇಲರನ್ನು ಹಿಮ್ಮುಖವಾಗಿ ಇಳಿಜಾರಿಗೆ ತಿರುಗಿಸಿದಳು, ಕನ್ನಡಿಯಲ್ಲಿ ನೋಡುತ್ತ, ಒಂದೇ ಸಲಕ್ಕೆ ನೇರವಾಗಿ. ನಾನು ಹಗ್ಗ ಬಿಚ್ಚಿದೆ. ನಾಗೇಶ್ವರರಾವ್ ಪಂಚೆ ಎತ್ತಿಕಟ್ಟಿ ದೋಣಿಯ ಕೆಳಗೆ ಹೋಗಿ ತಳವನ್ನು ಮೂತಿಯಿಂದ ಬಾಲದವರೆಗೆ ಅಂಗೈಯಿಂದ ಸವರಿದರು. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಸವರಿದರು. ನಾನು ಬಿಚ್ಚಿದ ಹಗ್ಗವನ್ನು ಸುರುಳಿ ಸುತ್ತುತ್ತಿದ್ದೆ. ತುಂಗಾ ಬಾನೆಟ್ಟಿಗೆ ಒರಗಿ ನಿಂತಿದ್ದಳು.

ಅವರು ಹೊರಬಂದು ಕೈ ಕೊಡವಿದರು. "ನೀರಿಗೆ ಇಳಿಸಿ" ಎಂದರು ತಮ್ಮವರಿಗೆ. ತುಂಗಾಳ ಕಡೆ ತಿರುಗಿ, "ಉಳಿದ ನಾಲ್ಕೂ ನೀನೇ ಮಾಡಮ್ಮಾ" ಎಂದರು.

ದೋಣಿ ನೀರಿಗೆ ಜಾರಿ, ಒಮ್ಮೆ ತಲೆ ತಗ್ಗಿಸಿ, ಎದ್ದು ನಿಂತಿತು. ಸಂಘದವರು ಸುತ್ತ ಸೇರಿ ಗದ್ದಲ ಮಾಡತೊಡಗಿದರು. ಆಗ ನಾಗೇಶ್ವರರಾವ್ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ ನನ್ನನ್ನು ನೋಡಿದರು. ನನ್ನ ಬಿಳಿ ಕೂದಲು, ಗ್ರೀಸು ಮೆತ್ತಿದ ಅಂಗಿ. ಕೆಲಸಕ್ಕೆ ಇಟ್ಟುಕೊಂಡವರೋ ಮನೆಯವರೋ ಎಂದು ಅವರಿಗೆ ಗೊತ್ತಾಗಲಿಲ್ಲ ಎನಿಸುತ್ತದೆ.

"ಈ ಪೆದ್ದಾಯನ ಯಾರಮ್ಮಾ?" ಎಂದು ತುಂಗಾಳನ್ನು ಕೇಳಿದರು. ಈ ಹಿರಿಯರು ಯಾರು ಎಂದು.

ತುಂಗಾ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಂದೆ. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ನನ್ನ ಹುದ್ದೆಯ ಹೆಸರನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಎದೆಯುಬ್ಬಿಸಿ ನಾನು ಎಂದೂ ಹೇಳಿರಲಿಲ್ಲ.

"ಕ್ಲೀನರ್ ಅಂಡೀ" ಎಂದೆ. "ಈ ಬಂಡಿಯ ಕ್ಲೀನರ್."